ಮುಂಬೈಗೆ ಬರುವ ಯಹೂದಿ ಮಕ್ಕಳ ತಂಡಕ್ಕೆ ರೂಮು ಎಲ್ಲಿ ಮಾಡಲಿ? ಒಟ್ಟು 31 ಜನ

ಡೊಂಬಿವಲಿ_ಶ್ರೀಧರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ. ಡೊಂಬಿವಲಿಯಲ್ಲಿ ನನ್ನದೊಂದು ಸಣ್ಣ ಟ್ರಾವೆಲ್ಸ್ ಇದೆ. ಇಲ್ಲಿವರೆಗೆ ಮಾಡಿದ್ದೆಲ್ಲ ಶಿರಡಿ, ಧರ್ಮಸ್ಥಳ, ಕೊಲ್ಲೂರು, ಮದುವೆ ಬಸ್ಸು, ಅಷ್ಟೇ. ಈಗ ಪರಿಚಯದವರೊಬ್ಬರ ಮೂಲಕ ಬೇರೆ ಥರದ ಕೆಲಸ ಬಂದಿದೆ. ಇಸ್ರೇಲಿನಿಂದ ಒಂದು ಯುವಕರ ತಂಡ ಬರುತ್ತಿದೆ. ಎಲ್ಲ ಬೆನೆ ಇಸ್ರೇಲ್ (ಕೊಂಕಣದ ಯಹೂದಿಗಳು) ಮನೆಗಳ ಮಕ್ಕಳು, ಅಂದರೆ ಅಜ್ಜ ಅಜ್ಜಿ ಮುಂಬೈ, ಅಲಿಬಾಗ್ ಕಡೆಯಿಂದ ಹೋದವರು. 16-17 ವಯಸ್ಸಿನ 26 ಮಕ್ಕಳು (14 ಹುಡುಗಿಯರು, 12 ಹುಡುಗರು), ಜೊತೆಗೆ 5 ಜನ ದೊಡ್ಡವರು. ಐದು ರಾತ್ರಿ ಮುಂಬೈ. ನಡುವೆ ಒಂದು ಶುಕ್ರವಾರ ಶನಿವಾರ ಬರುತ್ತದೆ.

ತಲೆಗೆ ದಿನಕ್ಕೆ 2000 ರೂಪಾಯಿ, ತಿಂಡಿ ಸೇರಿ. ಅಂಧೇರಿಯಲ್ಲಿ ವಿಮಾನ ನಿಲ್ದಾಣದ ಹತ್ತಿರ ಒಂದು ಒಳ್ಳೆಯ ಬಿಸಿನೆಸ್ ಹೋಟೆಲ್ ನೋಡಿದ್ದೇನೆ. ಹೊಸದು, ಕಾರ್ಡ್ ಹಾಕಿ ತೆಗೆಯುವ ಬಾಗಿಲು, ಎಂಟನೇ ಮಹಡಿ ಪೂರ್ತಿ ನಮಗೇ ಕೊಡುತ್ತಾರಂತೆ. ಊಟಕ್ಕೆ ಶುದ್ಧ ಸಸ್ಯಾಹಾರಿ ಅಂದರೆ ಮುಗಿಯಿತಲ್ವಾ? ಅಡ್ವಾನ್ಸ್ ಕೊಡುವ ಮೊದಲು ಒಮ್ಮೆ ಕೇಳೋಣ ಅನ್ನಿಸಿತು.

(ತಿದ್ದಿದ್ದೇನೆ: ತಾರೀಕು ತೆಗೆದಿದ್ದೇನೆ. ಕೆಳಗೆ ಠಾಣೆ ಗೌಡ್ರು ಹೇಳಿದ ಮೇಲೆ.)

ಸುಮ್ನೆ_ಓದುಗ

ಎಂಟನೇ ಮಹಡಿ ಅಂದರೆ ವ್ಯೂ ಚೆನ್ನಾಗಿರುತ್ತದೆ. ಬುಕ್ ಮಾಡಿ ಸಾರ್.

ಹೈಫಾ_ಕರಾವಳಿ

ಅಣ್ಣಾ, ದಯವಿಟ್ಟು ಅಡ್ವಾನ್ಸ್ ಕೊಡಬೇಡಿ!! ನಾನು ಉಡುಪಿ ಕಡೆಯವಳು. ಇಲ್ಲಿ ಇಸ್ರೇಲಿನಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸಕ್ಕೆ ಬಂದು ಒಂಬತ್ತು ವರ್ಷ ಆಯಿತು. ಅಜ್ಜಿ ಕಟ್ಟುನಿಟ್ಟಿನವರು. ಶುಕ್ರವಾರ ಸೂರ್ಯ ಮುಳುಗುವ ಮೊದಲಿನಿಂದ ಶನಿವಾರ ರಾತ್ರಿ ನಕ್ಷತ್ರ ಕಾಣುವವರೆಗೆ ಶಬ್ಬಾತ್. ಅಷ್ಟು ಹೊತ್ತು ಸ್ವಿಚ್ ಮುಟ್ಟುವುದಿಲ್ಲ, ಬೆಂಕಿ ಹಚ್ಚುವುದಿಲ್ಲ, ಗಾಡಿ ಹತ್ತುವುದಿಲ್ಲ, ದುಡ್ಡು ಮುಟ್ಟುವುದಿಲ್ಲ, ಬರೆಯುವುದಿಲ್ಲ. ನಾನು ಬಂದ ಮೊದಲ ವಾರ ಫ್ರಿಜ್ಜಿನ ಒಳಗಿನ ಬಲ್ಬ್ ಬಿಚ್ಚಿಟ್ಟದ್ದು ನೋಡಿ ಕೆಟ್ಟುಹೋಗಿದೆ ಅಂತ ಹೊಸ ಬಲ್ಬ್ ತಂದು ಹಾಕಿದ್ದೆ 😄 ಬಾಗಿಲು ತೆಗೆದರೆ ದೀಪ ಹತ್ತಬಾರದು ಅಂತ ಬಿಚ್ಚಿಟ್ಟಿದ್ದರಂತೆ.

ಈಗ ನಿಮ್ಮ ಹೋಟೆಲ್ ನೋಡಿ. ಕಾರ್ಡ್ ಬೀಗ ವಿದ್ಯುತ್ತಿನದು, ಶಬ್ಬಾತ್ ದಿನ ಮುಟ್ಟುವ ಹಾಗಿಲ್ಲ. ಒಳಗೆ ಹೋದ ಮೇಲೆ ಗೋಡೆಯ ಗೂಡಿಗೆ ಕಾರ್ಡ್ ಹಾಕಿದರೆ ತಾನೆ ಲೈಟು ಫ್ಯಾನು ಬರುವುದು? ಅದೂ ಆಗದು. ಎಂಟನೇ ಮಹಡಿ ಅಂದರೆ ಲಿಫ್ಟ್. ಅದೂ ಆಗದು. ಕಾರಿಡಾರಿನಲ್ಲಿ ಜನ ಬಂದರೆ ತಾನೇ ಹತ್ತುವ ಲೈಟು ಇದ್ದರೆ ಅದೂ ತಲೆನೋವು. ಮಕ್ಕಳು ಶುಕ್ರವಾರ ಸಂಜೆ ಒಳಗೆ ಹೋದರೆ ಶನಿವಾರ ರಾತ್ರಿವರೆಗೆ ಅಲ್ಲೇ ಕೂರಬೇಕು.

ಡೊಂಬಿವಲಿ_ಶ್ರೀಧರ

ಅಯ್ಯೋ. ಇಷ್ಟೆಲ್ಲ ಇದೆಯಾ ಅಕ್ಕಾ. ಎರಡು ಮಹಡಿ ಮೆಟ್ಟಿಲು ಹತ್ತಿ ಇಳಿದರೆ ನಡೆಯುತ್ತದಾ?

ಹೈಫಾ_ಕರಾವಳಿ

ಧಾರಾಳ. ಮೆಟ್ಟಿಲಿಗೆ ಏನೂ ಅಡ್ಡಿ ಇಲ್ಲ. ಮೊದಲನೇ, ಎರಡನೇ ಮಹಡಿ ಕೇಳಿ.

ಮಾಟುಂಗ_ಮಾಮಿ

ನಮ್ಮ ಮಡಿ ಇದ್ದ ಹಾಗೇ ಇದೆಯಲ್ಲ! ನಮ್ಮತ್ತೆ ಏಕಾದಶಿ ದಿನ ಹೀಗೇ ಅದು ಮುಟ್ಟಬೇಡ ಇದು ಮುಟ್ಟಬೇಡ ಅಂತಿದ್ದರು. ನೀವು ಮಾಟುಂಗಾದಲ್ಲಿ ಇಳಿಸಿಬಿಡಿ. ಊಟಕ್ಕೆ ಉಡುಪಿ ಹೋಟೆಲ್ ಸಾಲಾಗಿ ಇವೆ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ ಕೂಡ ಸಿಗುತ್ತದೆ.

ಹೈಫಾ_ಕರಾವಳಿ

ಮಾಮಿ, ಈರುಳ್ಳಿ ಬೆಳ್ಳುಳ್ಳಿ ಅವರಿಗೆ ಬೇಕೇ ಬೇಕು 😀 ಮಡಿ ಅಲ್ಲ ಇದು. ಮಡಿಯಲ್ಲಿ ಮೈಲಿಗೆ ಅಂತ ದೂರ ಇಡುತ್ತೇವೆ. ಇವರದು ರಜೆ. ದೇವರೇ ಏಳನೇ ದಿನ ಕೆಲಸ ನಿಲ್ಲಿಸಿದ, ನೀನೂ ನಿಲ್ಲಿಸು ಅನ್ನುವ ಲೆಕ್ಕ. ಅಜ್ಜಿ ಮನೆಯಲ್ಲಿ ಆ ದಿನ ಒಳ್ಳೆ ಬಟ್ಟೆ, ಒಳ್ಳೆ ಊಟ, ಹಾಡು, ಮಧ್ಯಾಹ್ನ ನಿದ್ದೆ. ನಮ್ಮ ಏಕಾದಶಿ ಥರ ಹೊಟ್ಟೆ ಸುಟ್ಟುಕೊಳ್ಳುವ ದಿನ ಅಲ್ಲ.

ಮಾಟುಂಗ_ಮಾಮಿ

ಹಾಗಾದರೆ ಅವರದೇ ಚೆನ್ನ.

ಠಾಣೆ_ಗೌಡ್ರು

ಶ್ರೀಧರ ಅವರೇ, ಮೊದಲು ಒಂದು ಕೆಲಸ ಮಾಡಿ. ಬರುವ ತಾರೀಕು ಈ ಪೋಸ್ಟಿನಿಂದ ಅಳಿಸಿ. ಯಾರು ಬೇಕಾದರೂ ಓದುವ ಜಾಗದಲ್ಲಿ ಇಸ್ರೇಲಿನ ಮಕ್ಕಳು ಇಂಥ ದಿನ ಬರುತ್ತಾರೆ ಅಂತ ಬರೆಯುವುದೇ? ಬುಕ್ ಆದ ಮೇಲೆ ಲಾಡ್ಜಿನ ಹೆಸರನ್ನೂ ಹಾಕಬೇಡಿ. 2008ರ ನವೆಂಬರ್ 26ರಂದು ಕೊಲಾಬಾದ ಯಹೂದಿ ಕೇಂದ್ರ ನರಿಮನ್ ಹೌಸಿನಲ್ಲಿ ಏನಾಯಿತು ಅಂತ ಮರೆತಿರೇನು? ಆಗ ನಾನು ಚರ್ಚ್‌ಗೇಟಿನಲ್ಲಿ ಕೆಲಸಕ್ಕಿದ್ದೆ. ಆ ರಾತ್ರಿ ಮನೆಗೆ ಹೋಗಲಾಗದೆ ಆಫೀಸಿನಲ್ಲೇ ಮಲಗಿದೆವು. ಮೂರು ದಿನ ಟಿವಿಯಲ್ಲಿ ಆ ಕಟ್ಟಡವನ್ನೇ ನೋಡಿದೆವು. ಅಲ್ಲಿದ್ದ ರಬ್ಬಿ (ಯಹೂದಿ ಗುರು), ಅವರ ಹೆಂಡತಿ ಇಬ್ಬರನ್ನೂ ಉಗ್ರರು ಕೊಂದರು. ಎರಡು ವರ್ಷದ ಮಗುವನ್ನು ನೋಡಿಕೊಳ್ಳುತ್ತಿದ್ದ ಆಯಾ ಎತ್ತಿಕೊಂಡು ಹೊರಗೆ ಬಂದು ಉಳಿಸಿದಳು.

ಹೆದರಿಸುತ್ತಿಲ್ಲ. ಆ ಮನೆ 2014ರಲ್ಲಿ ಮತ್ತೆ ತೆರೆಯಿತು, ಈಗ ಪ್ರಾರ್ಥನೆ ಊಟ ಎಲ್ಲ ನಡೆಯುತ್ತದೆ. ಆದರೆ ಪೊಲೀಸರಿಗೆ ಮೊದಲೇ ತಿಳಿಸುವುದು, ತಂಡದ ಸುರಕ್ಷತೆಯವರು ಲಾಡ್ಜ್ ನೋಡಿ ಒಪ್ಪುವುದು, ಇದೆಲ್ಲ ರೂಮಿನ ದರಕ್ಕಿಂತ ಮೊದಲು.

ಡೊಂಬಿವಲಿ_ಶ್ರೀಧರ

ಅಳಿಸಿದೆ ಗೌಡ್ರೇ. ತಪ್ಪಾಯಿತು. ನನಗೆ ಹೊಳೆಯಲೇ ಇಲ್ಲ.

ಕಡಕ್_ಚಾ

ಅಲ್ಲಿ ಯುದ್ಧ ಗಿದ್ಧ ಅಂತ ಇಷ್ಟೆಲ್ಲ ನಡೆದಿದೆ, ಇಲ್ಲಿ ಇವರಿಗೆ ರೂಮು ಹುಡುಕಿಕೊಡಬೇಕಾ? ನನ್ನ ಪ್ರಶ್ನೆ ಅಷ್ಟೇ.

ಮಾಡರೇಟರ್

ಪ್ರಶ್ನೆ ಕೇಳುವುದು ತಪ್ಪಲ್ಲ, ಆದರೆ ಇದು ಆ ಜಾಗ ಅಲ್ಲ. ರಾಜಕೀಯಕ್ಕೆ ಬೇರೆ ವಿಭಾಗ ಇದೆ. ಇಲ್ಲಿ ಮಕ್ಕಳ ಮಲಗುವ ವ್ಯವಸ್ಥೆ ಮಾತ್ರ. ಮುಂದಿನ ನಾಲ್ಕು ಉತ್ತರಗಳನ್ನು ಅಳಿಸಿದ್ದೇನೆ.

ಫೋರ್ಟ್_ಮಾಣಿ

ಮಾರಾಯ್ರೆ, ನೀವು ಅಂಧೇರಿ ಅಂದಾಗಲೇ ನಗು ಬಂತು. ಶನಿವಾರ ಗಾಡಿ ಹತ್ತದ ಜನ ಅಂಧೇರಿಯಿಂದ ಅವರ ಪ್ರಾರ್ಥನಾ ಮಂದಿರವಾದ ಸಿನಗಾಗ್‌ಗೆ ಹೇಗೆ ಬರುವುದು? ಇಪ್ಪತ್ತು ಕಿಲೋಮೀಟರಿಗೂ ಜಾಸ್ತಿ ಇದೆ, ನಡೆಸುತ್ತೀರಾ? ಕಾಲಾ ಘೋಡಾದಲ್ಲಿ ಕೆನೆಸೆತ್ ಎಲಿಯಾಹೂ ಸಿನಗಾಗ್ ಇದೆ. 1884ರದು, ಸಸೂನ್ ಮನೆತನದವರು ಕಟ್ಟಿಸಿದ್ದು. ನೀಲಿ ಬಣ್ಣದ್ದು ಅಂತ ಎಲ್ಲರಿಗೂ ಗೊತ್ತು. ಕೆಲವು ವರ್ಷದ ಹಿಂದೆ ಪೂರ್ತಿ ರಿಪೇರಿ ಮಾಡಿ ಹಳೆಯ ಚಂದಕ್ಕೆ ತಂದಿದ್ದಾರೆ. ಅಲ್ಲಿಂದ ಕೊಲಾಬಾದ ನರಿಮನ್ ಹೌಸಿಗೆ ಅರ್ಧ ಗಂಟೆಯೊಳಗೆ ನಡೆದುಕೊಂಡೇ ಹೋಗಬಹುದು. ಹಾಗಾಗಿ ಫೋರ್ಟ್ ಅಥವಾ ಕೊಲಾಬಾ, ಬೇರೆ ಮಾತೇ ಇಲ್ಲ.

ಇನ್ನೊಂದು. ನಮ್ಮದೇ ಒಂದು ಲಾಡ್ಜ್ ಇದೆ ಫೋರ್ಟಿನಲ್ಲಿ, ಮಾವನ ಕಾಲದ್ದು. 14 ರೂಮು, ಒಂದು ಎರಡನೇ ಮಹಡಿ, ಮರದ ಮೆಟ್ಟಿಲು. ಲಿಫ್ಟೇ ಇಲ್ಲ. ಹಿತ್ತಾಳೆ ಕೀಲಿಕೈ, ಜೊತೆಗೆ ಅಂಗೈಯಷ್ಟು ದೊಡ್ಡ ಮರದ ಬಿಲ್ಲೆ, ಯಾರೂ ಜೇಬಲ್ಲಿ ಹಾಕಿಕೊಂಡು ಹೋಗಬಾರದು ಅಂತ. ಬಂದವರೆಲ್ಲ "ಏನಿದು ಓಬೀರಾಯನ ಕಾಲದ್ದು" ಅಂತ ರಿವ್ಯೂನಲ್ಲಿ ಎರಡು ಸ್ಟಾರ್ ಕೊಡುತ್ತಾರೆ. ಈ ಅಕ್ಕ ಹೇಳುವುದು ನೋಡಿದರೆ ನಮ್ಮ ಲಾಡ್ಜನ್ನು ಇವರಿಗೇ ಅಂತ ಕಟ್ಟಿದ ಹಾಗಿದೆಯಲ್ಲ!

ಹೈಫಾ_ಕರಾವಳಿ

ಅಯ್ಯೋ ಅದೇ ಬೇಕಾದ್ದು!! ಆ ದೊಡ್ಡ ಬಿಲ್ಲೆಯೂ ಒಳ್ಳೆಯದೇ. ಶಬ್ಬಾತ್ ದಿನ ಹೊರಗೆ ಬೀದಿಯಲ್ಲಿ ಸಾಮಾನು ಹೊತ್ತು ಹೋಗುವ ಹಾಗಿಲ್ಲ, ಜೇಬಿನಲ್ಲಿ ಕೀಲಿಕೈ ಕೂಡ. ಕೆಲವು ಊರುಗಳಲ್ಲಿ ಸುತ್ತ ತಂತಿ ಕಟ್ಟಿ ಗಡಿ ಗೊತ್ತು ಮಾಡಿರುತ್ತಾರೆ, ಅಲ್ಲಿ ಪರವಾಗಿಲ್ಲ. ಇಲ್ಲವಾದರೆ ಕೀಲಿಕೈ ಕೌಂಟರಿನಲ್ಲಿ ಬಿಟ್ಟು ಕೈಬೀಸಿಕೊಂಡು ಹೋಗಬೇಕು. ನಿಮ್ಮಲ್ಲಿ ಅದೇ ಪದ್ಧತಿ ತಾನೆ.

ಸುಮ್ನೆ_ಓದುಗ

ಎರಡು ಸ್ಟಾರ್ ಲಾಡ್ಜ್ ಒಂದೇ ಪೋಸ್ಟಿನಲ್ಲಿ ಐದು ಸ್ಟಾರ್ ಆಯಿತು.

ಬಸ್_ಪಾಸ್_ಬಾಬು

ಸ್ವಂತ ಲಾಡ್ಜಿಗೆ ಇಲ್ಲಿ ಜಾಹೀರಾತು ಹಾಕಬಹುದಾ ಮಾಡರೇಟರ್ ಸಾಹೇಬ್ರೇ? ಶ್ರೀಧರ, ಖಾರವಾಗಿ ಒಂದು ಮಾತು ಹೇಳುತ್ತೇನೆ. ಹಳೇ ಲಾಡ್ಜಿನಲ್ಲಿ ಮೊದಲು ಕೇಳಬೇಕಾದ್ದು ಕೀಲಿಕೈ ಅಲ್ಲ, ಸಿ ಫಾರ್ಮ್. ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರ ಆನ್‌ಲೈನಿನಲ್ಲಿ ಕಳಿಸಬೇಕು. ಅದರ ಲಾಗಿನ್ ಇಲ್ಲದ ಲಾಡ್ಜ್‌ಗಳು ಪಾಸ್‌ಪೋರ್ಟ್ ನೋಡಿದ ಕೂಡಲೇ "ರೂಮಿಲ್ಲ" ಅನ್ನುತ್ತವೆ. ನನ್ನ ಜರ್ಮನಿಯ ಇಬ್ಬರು ಗೆಳೆಯರಿಗೆ ಒಂದು ಕಡೆ ದುಡ್ಡು ಪೂರ್ತಿ ತೆಗೆದುಕೊಂಡು, ರಾತ್ರಿ ಹನ್ನೊಂದಕ್ಕೆ ಹೋಗಿ ನಿಂತರೆ "ಫಾರಿನರ್ಸ್ ನಹೀ" ಅಂದರು. ಇಬ್ಬರಾದರೆ ಹೇಗೋ ಆಗುತ್ತದೆ. 31 ಜನರನ್ನು ನಿಲ್ಲಿಸಿಕೊಂಡು ರಾತ್ರಿ ಏನು ಮಾಡುತ್ತೀರಿ?

ಫೋರ್ಟ್_ಮಾಣಿ

ಬಾಬು ಅವರೇ, ಹೆಸರು ಹಾಕಿದ್ದೇನಾ ನಾನು? ಹೆಸರಿಲ್ಲದ ಜಾಹೀರಾತು ಯಾವುದು ಮಾರಾಯ್ರೆ. ಸಿ ಫಾರ್ಮ್ ಲಾಗಿನ್ ಇದೆ. ನಮ್ಮಲ್ಲಿ ಬಟ್ಟೆ ವ್ಯಾಪಾರಕ್ಕೆ ಆಫ್ರಿಕಾದವರು ಬಂದು ವಾರಗಟ್ಟಲೆ ಇರುತ್ತಾರೆ. ಆದರೆ ಒಟ್ಟಿಗೆ 31 ಎಂಟ್ರಿ ಅಂದರೆ ನಮ್ಮ ಹುಡುಗನಿಗೆ ಬೆಳಗಾಗುತ್ತದೆ. ಪಾಸ್‌ಪೋರ್ಟ್, ವೀಸಾ ನಂಬರ್, ಫೋಟೊ ಎಲ್ಲ ಮೊದಲೇ ಒಂದು ಎಕ್ಸೆಲ್ ಶೀಟಿನಲ್ಲಿ ಕಳಿಸಿದರೆ ಉಪಕಾರ. ಮಕ್ಕಳು 18ಕ್ಕಿಂತ ಚಿಕ್ಕವರಾದ್ದರಿಂದ ತಂದೆ ತಾಯಿಯ ಒಪ್ಪಿಗೆ ಪತ್ರದ ಪ್ರತಿ ನನಗೂ ಒಂದು ಬೇಕು.

ಠಾಣೆ_ಗೌಡ್ರು

ಫೋರ್ಟ್ ಒಂದೇ ಅಂತ ಹಟ ಯಾಕೆ? ಠಾಣೆಗೆ ಬನ್ನಿ. ಇವತ್ತು ಮುಂಬೈ ಕಡೆ ಇರುವ ಬೆನೆ ಇಸ್ರೇಲ್ ಜನ ಜಾಸ್ತಿ ಇರುವುದೇ ನಮ್ಮ ಠಾಣೆಯಲ್ಲಿ. ಶಾರ್ ಹಶಾಮಯಿಮ್ ಸಿನಗಾಗ್ 1879ರದು, ಹಬ್ಬ ಬಂದರೆ ತುಂಬಿರುತ್ತದೆ. ಫೋರ್ಟಿನಲ್ಲಿ ಕಟ್ಟಡ ಚಂದ, ಜನ ಕಮ್ಮಿ. ಈ ಮಕ್ಕಳು ಅಜ್ಜಿ ಊರಿನ ಜನರನ್ನು ನೋಡಲು ಬರುವುದಾದರೆ ಶಬ್ಬಾತ್ ಠಾಣೆಯಲ್ಲೇ ಆಗಬೇಕು. ನಮ್ಮ ಸೊಸೈಟಿಯಲ್ಲೇ ಒಂದು ಮನೆ ಇದೆ, ಆ ಅಜ್ಜಿ ಮಾತಾಡುವ ಮರಾಠಿ ಕೇಳಿದರೆ ಯಾರೂ ಯಹೂದಿ ಅನ್ನಲಿಕ್ಕಿಲ್ಲ. ಅವರ ಅಡ್ಡಹೆಸರುಗಳೂ ಊರಿನ ಹೆಸರಿನಿಂದಲೇ ಬಂದವು, ಪೇಣದವರು ಪೇಣ್ಕರ್, ದಿವೆಯವರು ದಿವೇಕರ್.

ಫೋರ್ಟ್_ಮಾಣಿ

ಮತ್ತೆ ಗೇಟ್‌ವೇ, ಮ್ಯೂಸಿಯಂ, ಸಸೂನ್ ಲೈಬ್ರರಿ, ಅಲಿಬಾಗಿಗೆ ಹೋಗುವ ಲಾಂಚು ಎಲ್ಲ ಠಾಣೆಯಲ್ಲಿ ಇದೆಯಾ ಗೌಡ್ರೇ? ದಿನಾ ಬೆಳಿಗ್ಗೆ ಆ ಮಕ್ಕಳನ್ನು ಲೋಕಲ್ಲಿನಲ್ಲಿ ತುರುಕುತ್ತೀರಾ?

ಠಾಣೆ_ಗೌಡ್ರು

ಬಸ್ಸು ಅಂತ ಒಂದು ವಾಹನ ಇದೆ.

ಫೋರ್ಟ್_ಮಾಣಿ

ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಅಂತ ಒಂದು ಟ್ರಾಫಿಕ್ ಕೂಡ ಇದೆ.

ಡೊಂಬಿವಲಿ_ಶ್ರೀಧರ

ಜಗಳ ಬೇಡ, ಇಬ್ಬರ ಮಾತೂ ಬರೆದುಕೊಂಡಿದ್ದೇನೆ. ತಂಡದ ಮುಖ್ಯಸ್ಥೆಗೆ ಪ್ರಶ್ನೆ ಕಳಿಸಿದ್ದೇನೆ: ಎಷ್ಟು ಜನ ಕಟ್ಟುನಿಟ್ಟು, ಊಟ ಹೇಗೆ, ಶಬ್ಬಾತ್ ಎಲ್ಲಿ ಬೇಕು. ಉತ್ತರ ಬಂದ ಮೇಲೆ ಹೇಳುತ್ತೇನೆ. ಅಲ್ಲಿವರೆಗೆ ಊಟದ ಬಗ್ಗೆ ಹೇಳಿ. ಶುದ್ಧ ಸಸ್ಯಾಹಾರ ಸಾಕಾ ಸಾಲದಾ?

ಹೈಫಾ_ಕರಾವಳಿ

ಎಲ್ಲರೂ ಒಂದೇ ಥರ ಅಲ್ಲ, ಅವರನ್ನೇ ಕೇಳಬೇಕು. ನಾನು ನೋಡಿದ್ದು ಹೇಳುತ್ತೇನೆ. ಮಾಂಸ ಮತ್ತು ಹಾಲು ಒಟ್ಟಿಗೆ ಇಲ್ಲ. ಪಾತ್ರೆ, ಚಮಚ, ತೊಳೆಯುವ ಸ್ಪಂಜು ಕೂಡ ಎರಡೆರಡು. ನಾನು ಒಮ್ಮೆ ಹಾಲಿನ ಚಮಚವನ್ನು ಮಾಂಸದ ಸಾರಿಗೆ ಹಾಕಿಬಿಟ್ಟು ಅಜ್ಜಿ ಅರ್ಧ ದಿನ ಮಾತಾಡಲಿಲ್ಲ. ಮೀನಿಗೆ ರೆಕ್ಕೆ, ಪೊರೆ ಎರಡೂ ಇರಬೇಕು. ಅಂದರೆ ಬಂಗುಡೆ ಆಗುತ್ತದೆ, ಸಿಗಡಿ, ಏಡಿ, ಮರುವಾಯಿ ಇಲ್ಲ. (ನಾನು ಇಲ್ಲಿ ಸಿಗಡಿ ತಿಂದು ಎಷ್ಟು ಕಾಲ ಆಯಿತು ಅಂತ ಕೇಳಬೇಡಿ.)

ಸಸ್ಯಾಹಾರಿ ಹೋಟೆಲಿನಲ್ಲಿ ಮಾಂಸದ ತೊಂದರೆ ಇಲ್ಲ, ಅರ್ಧ ಕೆಲಸ ಆಯಿತು. ಉಳಿದರ್ಧ: ಸೊಪ್ಪು, ಹೂಕೋಸು, ಎಲೆಕೋಸಿನಲ್ಲಿ ಹುಳ ಇದೆಯಾ ಅಂತ ದೀಪದ ಬೆಳಕಲ್ಲಿ ನೋಡುತ್ತಾರೆ. ಚೀಸ್ ಯಾವುದು ಅಂತ ಕೇಳುತ್ತಾರೆ. ಒಲೆ ಹಚ್ಚುವುದಾದರೂ ತಮ್ಮವರೊಬ್ಬರು ಮಾಡಬೇಕು ಅನ್ನುವವರೂ ಇದ್ದಾರೆ. ಪಾತ್ರೆ ಯಾವುದು ಅನ್ನುವುದೂ ಇದೆ. ಇಡೀ ಹಣ್ಣು, ಕತ್ತರಿಸದೆ ಇಟ್ಟರೆ ಯಾರಿಗೂ ತಕರಾರಿಲ್ಲ.

ಸಿರಸಿ_ಹಾಳೆ

ತಟ್ಟೆಗೆ ಅಡಿಕೆ ಹಾಳೆ! ಹಾಳೆ ತಟ್ಟೆ, ಹಾಳೆ ದೊನ್ನೆ. ಒಂದು ಸಲ ಉಂಡು ಬಿಸಾಡುವುದು, ಯಾವ ಪಾತ್ರೆಯ ತಕರಾರೂ ಇಲ್ಲ. ಹೊಸ ಸ್ಟೀಲ್ ಚಮಚ ಕ್ರಾಫರ್ಡ್ ಮಾರ್ಕೆಟಿನಲ್ಲಿ ಡಜನ್ ಲೆಕ್ಕದಲ್ಲಿ ಸಿಗುತ್ತದೆ. ಹಾಳೆ ತಟ್ಟೆ ಬೇಕಾದರೆ ಕಳಿಸುತ್ತೇನೆ, ಮಾಡರೇಟರ್ ಇದನ್ನೂ ಜಾಹೀರಾತು ಅನ್ನಬೇಡಿ.

ಹೈಫಾ_ಕರಾವಳಿ

ಸೂಪರ್! ಇದು ನನಗೇ ಹೊಳೆಯಲಿಲ್ಲ ನೋಡಿ. ಚಮಚದ ವಿಷಯ ಮಾತ್ರ ಕೇಳಿಕೊಳ್ಳಿ, ಹೊಸ ಲೋಹದ ಪಾತ್ರೆಯನ್ನು ಬಳಸುವ ಮೊದಲು ನೀರಿನಲ್ಲಿ ಮುಳುಗಿಸುವ ಶಾಸ್ತ್ರ ಇದೆ. ಮರದ ಚಮಚ ಸುಲಭ.

ಮಾಟುಂಗ_ಮಾಮಿ

ಬೆನೆ ಇಸ್ರೇಲಿನವರ ಅಡುಗೆ ನನಗೆ ಸ್ವಲ್ಪ ಗೊತ್ತು, ನನ್ನ ಜೊತೆ ಬ್ಯಾಂಕಿನಲ್ಲಿ ಒಬ್ಬರು ಇದ್ದರು. ಮಾಂಸದ ಜೊತೆ ಹಾಲು ಮೊಸರು ಹಾಕುವ ಹಾಗಿಲ್ಲವಲ್ಲ, ಅದಕ್ಕೇ ಎಲ್ಲದಕ್ಕೂ ಕಾಯಿಹಾಲು. ಅವರ ಹೊಸ ವರ್ಷಕ್ಕೆ ಗೋಧಿಯ ಹಾಲು ತೆಗೆದು ಕಾಯಿಹಾಲು ಸಕ್ಕರೆ ಹಾಕಿ ಕೈ ನೋಯುವಷ್ಟು ತಿರುವಿ ಹಲ್ವಾ ಮಾಡಿ ತರುತ್ತಿದ್ದರು. ಚಿಕಾಚಾ ಹಲ್ವಾ ಅನ್ನುತ್ತಿದ್ದರು. ಬಾಯಿಗಿಟ್ಟರೆ ನಮ್ಮ ಗೋಧಿ ಹಾಲುಬಾಯಿಯೇ! ಬಣ್ಣ ಮಾತ್ರ ಗುಲಾಬಿ. ಮತ್ತೆ ಮಲಿದಾ ಅಂತ ಒಂದು. ಅವಲಕ್ಕಿಗೆ ಬೆಲ್ಲ ಕಾಯಿತುರಿ ಏಲಕ್ಕಿ ಹಾಕಿ ಕಲಸಿ ಸುತ್ತ ಹಣ್ಣಿಟ್ಟು, ಎಲಿಯಾಹು ಪ್ರವಾದಿಯ ಹೆಸರಿನಲ್ಲಿ ಪ್ರಾರ್ಥನೆ ಮಾಡಿ ಹಂಚುವುದು. ಕಷ್ಟ ಕಳೆದರೆ, ಮದುವೆ ಗೊತ್ತಾದರೆ, ಹೊಸ ಮನೆ ಹೊಕ್ಕರೆ.

ಸುಮ್ನೆ_ಓದುಗ

ಇದು ನಮ್ಮ ಮನೆಯ ಪಂಚಕಜ್ಜಾಯ.

ಮಾಟುಂಗ_ಮಾಮಿ

ಹೌದಲ್ವಾ? ನಾನೂ ಅದೇ ಅಂದೆ ಅವರಿಗೆ. ನಕ್ಕರು.

ಶ್ರೀರಂಗಪಟ್ಣದವ

ವಿಷಯ ಬಿಟ್ಟು ಹೋಗುತ್ತಿದ್ದೇನೆ, ಕ್ಷಮಿಸಿ. ಮೇಲೆ ದಿವೇಕರ್ ಅಂದರಲ್ಲ ಗೌಡ್ರು, ಅದಕ್ಕೂ ನಮ್ಮ ಊರಿಗೂ ನಂಟಿದೆ. ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್ ಅಂತ ಒಬ್ಬರು, ಮರಾಠಿಯಲ್ಲಿ ಸಾಮಾಜಿ ಹಸಾಜಿ, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದರು. ಯುದ್ಧದಲ್ಲಿ ಟಿಪ್ಪುವಿನ ಕೈಗೆ ಸೆರೆ ಸಿಕ್ಕರು. ಉಳಿದು ಊರಿಗೆ ಹೋದರೆ ಒಂದು ಸಿನಗಾಗ್ ಕಟ್ಟಿಸುತ್ತೇನೆ ಅಂತ ಹರಕೆ ಹೊತ್ತರಂತೆ. 1796ರಲ್ಲಿ ಕಟ್ಟಿಸಿದರು. ಮಸೀದಿ ಬಂದರಿನ ಹತ್ತಿರದ ಶಾರ್ ಹರಹಮಿಮ್, ಮುಂಬೈನ ಮೊದಲ ಸಿನಗಾಗ್ ಅದೇ. ಆ ಬೀದಿಗೆ ಸ್ಯಾಮ್ಯುಯೆಲ್ ಸ್ಟ್ರೀಟ್ ಅಂತಲೇ ಹೆಸರು. ಟಿಪ್ಪುವಿನ ತಾಯಿ "ಇವರ ಹೆಸರು ಕುರಾನಿನಲ್ಲಿ ಬರುತ್ತದೆ, ಬಿಟ್ಟುಬಿಡು" ಅಂದದ್ದಕ್ಕೆ ಜೀವ ಉಳಿಯಿತು ಅಂತ ಅವರಲ್ಲಿ ಕಥೆ.

ಬಸ್_ಪಾಸ್_ಬಾಬು

ತಾಯಿಯ ಮಾತು ಕಥೆ ಅಂತ ನೀವೇ ಹೇಳಿದ್ದೀರಿ, ಒಳ್ಳೆಯದು. ಇಂಥದ್ದನ್ನು ಇತಿಹಾಸ ಅಂತ ಓಡಿಸುವವರೇ ಜಾಸ್ತಿ. ಆ ಮಸೀದಿ ಸ್ಟೇಷನ್ ಹೆಸರು ಕೂಡ ಈ ಸಿನಗಾಗ್‌ನಿಂದಲೇ ಬಂತು ಅಂತ ಹೇಳುತ್ತಾರೆ. ಇದನ್ನು ಜನ "ಜೂನಿ ಮಸೀದಿ" (ಹಳೇ ಮಸೀದಿ) ಅನ್ನುತ್ತಿದ್ದರಂತೆ.

ಶ್ರೀರಂಗಪಟ್ಣದವ

ಮಕ್ಕಳನ್ನು ನಮ್ಮೂರಿಗೂ ಕರೆದುಕೊಂಡು ಬನ್ನಿ ಶ್ರೀಧರ್. ನದಿ, ಕೋಟೆ, ಸೆರೆಮನೆ ಎಲ್ಲ ಇದೆ.

ಡೊಂಬಿವಲಿ_ಶ್ರೀಧರ

ಐದೇ ರಾತ್ರಿ ಸಾರ್, ಎಲ್ಲಿ ಬರಲಿ. ಆದರೆ ಈ ಕಥೆ ಮಸೀದಿ ಬಂದರಿಗೆ ಕರೆದುಕೊಂಡು ಹೋದಾಗ ಹೇಳುತ್ತೇನೆ.

ಉತ್ತರ ಬಂತು. ಎಂಟು ಮಕ್ಕಳು ಕಟ್ಟುನಿಟ್ಟು. ಉಳಿದವರಲ್ಲಿ ಕೆಲವರು ಮನೆಯಲ್ಲಿ ಶನಿವಾರ ಮೊಬೈಲ್ ನೋಡುತ್ತಾರಂತೆ. ಆದರೆ ತಂಡ ಅಂದ ಮೇಲೆ ಆ ಎಂಟು ಜನಕ್ಕೆ ಹೊಂದುವ ಹಾಗೇ ಎಲ್ಲರೂ ಇರಬೇಕು ಅನ್ನುವುದು ಅವರ ನಿಯಮ. ಹುಡುಗ ಹುಡುಗಿಯರಿಗೆ ಬೇರೆ ಬೇರೆ ಮಹಡಿ, ಪ್ರತಿ ಮಹಡಿಯಲ್ಲೂ ಒಂದು ದೊಡ್ಡವರ ರೂಮು. ಶಬ್ಬಾತ್ ಊಟ ಒಂದು ಕಡೆ ವ್ಯವಸ್ಥೆ ಆಗುತ್ತಿದೆ, ಅದು ಎಲ್ಲಿ ಅಂತ ಬರೆಯುವುದಿಲ್ಲ (ಗೌಡ್ರೇ, ಕಲಿತೆ). ಉಳಿದ ದಿನ ಸಸ್ಯಾಹಾರ, ಒಲೆ ಹಚ್ಚಲು ಅವರಲ್ಲೊಬ್ಬರು ಅಡುಗೆಮನೆಗೆ ಬರುತ್ತಾರೆ.

ಮತ್ತೆ ಮುಖ್ಯ ಮಾತು: ಶನಿವಾರ ಚೆಕ್‌ಔಟ್ ಬೇಡವೇ ಬೇಡ ಅಂದಿದ್ದಾರೆ. ನಾನು ಎರಡು ಕಡೆ ಹಂಚಿ ಶನಿವಾರ ಬದಲಾಯಿಸೋಣ ಅಂತ ಲೆಕ್ಕ ಹಾಕಿದ್ದೆ!

ಬಸ್_ಪಾಸ್_ಬಾಬು

ಸಾಮಾನು ಹೊರುವ ಹಾಗಿಲ್ಲ, ಬಿಲ್ಲಿಗೆ ಸಹಿ ಮಾಡುವ ಹಾಗಿಲ್ಲ, ದುಡ್ಡು ಮುಟ್ಟುವ ಹಾಗಿಲ್ಲ, ಬಸ್ಸು ಹತ್ತುವ ಹಾಗಿಲ್ಲ. ಶನಿವಾರ ಚೆಕ್‌ಔಟ್ ಅಂದರೆ ಇನ್ನೇನು ಉಳಿಯಿತು 😂

ಠಾಣೆ_ಗೌಡ್ರು

ಹಾಗಾದರೆ ನನ್ನ ಕೊನೆಯ ಮಾತು. ಐದೂ ರಾತ್ರಿ ಫೋರ್ಟಿನಲ್ಲೇ ಇರಲಿ, ಒಪ್ಪಿದೆ. ಆದರೆ ಒಂದು ಸಂಜೆ ಠಾಣೆಗೆ ಕರೆತನ್ನಿ, ಜನರ ಜೊತೆ ಕೂರಿಸಿ. ಸಿನಗಾಗ್‌ಗೆ ಮೊದಲೇ ತಿಳಿಸದೆ ಹೋಗಬೇಡಿ, ಗುರುತಿನ ಚೀಟಿ ನೋಡದೆ ಒಳಗೆ ಬಿಡುವುದಿಲ್ಲ.

ಫೋರ್ಟ್_ಮಾಣಿ

ಗೌಡ್ರು ಒಪ್ಪಿದರು, ಇವತ್ತು ಮಳೆ ಬರುತ್ತದೆ.

ಲೆಕ್ಕ ಹೇಳುತ್ತೇನೆ. ಮೊದಲ ಮಹಡಿಯಲ್ಲಿ 14 ಹುಡುಗಿಯರಿಗೆ ಮೂರು ಜನರಂತೆ 5 ರೂಮು, ಪಕ್ಕದಲ್ಲಿ ಮೇಡಮ್‌ಗಳಿಗೆ ಒಂದು. ಎರಡನೇ ಮಹಡಿಯಲ್ಲಿ 12 ಹುಡುಗರಿಗೆ 4, ದೊಡ್ಡವರು ಮೂವರಿಗೆ ಒಂದು. ಒಟ್ಟು 11. ತಿಂಡಿ ಸೇರಿ ರೂಮಿಗೆ 4200, ದಿನಕ್ಕೆ 46,200. ಮೇಲೆ ಜಿಎಸ್‌ಟಿ, ನಮ್ಮದು 7500ರ ಒಳಗಿನ ರೂಮಾದ್ದರಿಂದ 5 ಪರ್ಸೆಂಟ್. ಉಳಿದ ಮೂರು ರೂಮನ್ನು ಆ ಐದು ದಿನ ಬೇರೆಯವರಿಗೆ ಕೊಡುವುದಿಲ್ಲ, ಇದು ನನ್ನ ಕಡೆಯಿಂದ.

ಮಾಟುಂಗ_ಮಾಮಿ

ಬಾತ್‌ರೂಮು ರೂಮಿನೊಳಗೇ ಇದೆಯಾ? ಅದನ್ನು ಯಾರೂ ಕೇಳಲಿಲ್ಲ ನೋಡಿ. ಗಂಡಸರೇ ಬರೆಯುವ ಕಡೆ ಹೀಗೇ.

ಫೋರ್ಟ್_ಮಾಣಿ

ಮೊದಲ ಮಹಡಿಯಲ್ಲಿ ಎಲ್ಲ ರೂಮಿಗೂ ಇದೆ ಮಾಮಿ. ಎರಡನೆಯದರಲ್ಲಿ... ಹುಡುಗರ ರೂಮುಗಳಿಗೆ ಕಾರಿಡಾರಿನ ಕೊನೆಯಲ್ಲಿ ಮೂರು. ಕಮೋಡ್ ಹೊಸದು.

ಬಸ್_ಪಾಸ್_ಬಾಬು

ಆ ಚುಕ್ಕಿ ಚುಕ್ಕಿ ಹಾಕಿದಾಗಲೇ ಗೊತ್ತಾಯಿತು.

ಡೊಂಬಿವಲಿ_ಶ್ರೀಧರ

ಕೇಳಿದೆ. ಹುಡುಗರು ಒಂದೆರಡು ವರ್ಷದಲ್ಲಿ ಸೈನ್ಯಕ್ಕೆ ಹೋಗುವವರು, ಕಾರಿಡಾರು ನಡೆದರೆ ಏನೂ ಆಗುವುದಿಲ್ಲ ಅಂದರು ಮೇಡಮ್.

ಹೈಫಾ_ಕರಾವಳಿ

ಇನ್ನು ಸಣ್ಣ ಸಣ್ಣ ವಿಷಯ. ಮಾಣಿ ಅವರೇ, ಇದನ್ನು ನಿಮ್ಮ ಕೌಂಟರಿನ ಹುಡುಗರಿಗೆ ಓದಿ ಹೇಳಿ.

ಶುಕ್ರವಾರ ಸಂಜೆ ದೀಪ ಹಚ್ಚುತ್ತಾರೆ. ಸೂರ್ಯ ಮುಳುಗುವ 18 ನಿಮಿಷ ಮೊದಲೇ. ಚಳಿಗಾಲದಲ್ಲಿ ಮುಂಬೈನಲ್ಲಿ ಆರು, ಆರೂಕಾಲಿಗೇ ಮುಳುಗುತ್ತದಲ್ಲ, ಹಾಗಾಗಿ ನಾಲ್ಕೂವರೆಗೆ ಬಸ್ಸು ಲಾಡ್ಜಿನ ಮುಂದಿರಬೇಕು. ಸ್ನಾನಕ್ಕೆ 31 ಜನ ಸಾಲು ನಿಲ್ಲುತ್ತಾರೆ. ಮೇಣದಬತ್ತಿಯನ್ನು ರೂಮಿನಲ್ಲಿ ಹಚ್ಚಲು ಬಿಡಬೇಡಿ, ನಿಮ್ಮದು ಮರದ ಕಟ್ಟಡ. ಊಟದ ಹಾಲಿನಲ್ಲಿ ಒಂದು ಮೇಜು, ಅದರ ಮೇಲೆ ಮರಳು ಹಾಕಿದ ಸ್ಟೀಲ್ ತಟ್ಟೆ. ಒಮ್ಮೆ ಹಚ್ಚಿದ ಮೇಲೆ ಯಾರೂ ಆರಿಸಬಾರದು, ಜರುಗಿಸಲೂಬಾರದು. ಅದು ತಾನೇ ಆರುವವರೆಗೆ ನಿಮ್ಮ ಹುಡುಗ ಒಬ್ಬ ಅಲ್ಲೇ ಕೂರಲಿ.

ಬಾತ್‌ರೂಮಿನ ಲೈಟು ಶುಕ್ರವಾರ ಹಾಕಿದರೆ ಶನಿವಾರ ರಾತ್ರಿವರೆಗೆ ಉರಿಯಲಿ. ರೂಮ್ ಬಾಯ್ ಬಂದು "ಕರೆಂಟು ದಂಡ" ಅಂತ ಆರಿಸಿಬಿಟ್ಟರೆ ಕತ್ತಲೆಯೇ ಗತಿ. ಟಿಶ್ಯೂ ಪೇಪರ್ ಹರಿಯುವ ಹಾಗಿಲ್ಲ, ಪೆಟ್ಟಿಗೆಯಿಂದ ಒಂದೊಂದೇ ಎಳೆಯುವಂಥದ್ದು ಇಡಿ.

ಮತ್ತೆ ಇದು ಮುಖ್ಯ. ಫ್ಯಾನ್ ಹಾಕಿ ಅಂತ ಅವರು ನಿಮ್ಮನ್ನು ನೇರ ಕೇಳುವುದಿಲ್ಲ, ಬೇರೆಯವರಿಂದ ಮಾಡಿಸುವುದೂ ಸರಿಯಲ್ಲ ಅಂತ. ನಮ್ಮ ಅಜ್ಜಿ "ಅಬ್ಬ, ಇವತ್ತು ಎಷ್ಟು ಸೆಕೆ" ಅಂತ ನನ್ನ ಮುಖ ನೋಡುತ್ತಾರೆ, ಅಷ್ಟೇ. ಮೊದಲ ಸಲ ನಾನು "ಹೌದಜ್ಜಿ, ತುಂಬಾ ಸೆಕೆ" ಅಂತ ಸುಮ್ಮನೆ ಕೂತಿದ್ದೆ. ಯಾರಾದರೂ ಬಂದು ಕೌಂಟರಿನಲ್ಲಿ "ನಮ್ಮ ರೂಮು ಕತ್ತಲೆ" ಅಂತ ನಿಂತರೆ ದೂರು ಅಲ್ಲ ಅದು, ಎದ್ದು ಹೋಗಿ ನೋಡಿ.

ಸಿರಸಿ_ಹಾಳೆ

ನಮ್ಮಜ್ಜಿ ಕೂಡ ಹೀಗೇ ಮಾತಾಡುತ್ತಾರೆ, ವಾರದ ಏಳೂ ದಿನ.

ಫೋರ್ಟ್_ಮಾಣಿ

ಎಲ್ಲ ಪ್ರಿಂಟ್ ತೆಗೆದು ಕೌಂಟರಿನ ಹಿಂದೆ ಅಂಟಿಸಿದ್ದೇನೆ ಅಕ್ಕ. ನಮ್ಮ ಹುಡುಗರಲ್ಲಿ ಒಬ್ಬ ಬೈಂದೂರಿನವ, "ಈ ಜನ ಶನಿವಾರ ಏನು ಮಾಡುತ್ತಾರೆ ಹಾಗಾದರೆ" ಅಂತ ಕೇಳಿದ. ತಿಂದು ಮಲಗುತ್ತಾರಂತೆ ಅಂದೆ. ತನಗೂ ಶನಿವಾರ ಹಾಗೇ ರಜೆ ಬೇಕಂತೆ.

ಠಾಣೆ_ಗೌಡ್ರು

ಕೊಂಕಣದಲ್ಲಿ ಹಿಂದೆ ಇವರಿಗೆ "ಶನಿವಾರ ತೇಲಿ" ಅಂತಲೇ ಹೆಸರು. ಎಣ್ಣೆ ಗಾಣದ ಕೆಲಸ ಮಾಡುತ್ತಿದ್ದರು, ಶನಿವಾರ ಗಾಣ ನಿಲ್ಲಿಸುತ್ತಿದ್ದರು.

ಡೊಂಬಿವಲಿ_ಶ್ರೀಧರ

ಅವರ ಸುರಕ್ಷತೆಯವರು ಬಂದು ಲಾಡ್ಜ್ ನೋಡಿ ಹೋದರು. ಹಿಂದಿನ ಮೆಟ್ಟಿಲಿನ ಬಾಗಿಲಿಗೆ ಬೀಗ ಗಟ್ಟಿ ಮಾಡಿಸಿ, ಆದರೆ ಒಳಗಿನಿಂದ ತೆಗೆಯಲು ಬರಬೇಕು ಅಂದರು. ಪೊಲೀಸ್ ಸ್ಟೇಷನ್ನಿಗೂ ಪತ್ರ ಕೊಟ್ಟಿದ್ದೇನೆ. ಇವತ್ತು ಅಡ್ವಾನ್ಸ್ ಕೊಟ್ಟೆ. ಭಾನುವಾರ ಬೆಳಿಗ್ಗೆ ಗೇಟ್‌ವೇಯಿಂದ ಲಾಂಚಿನಲ್ಲಿ ಮಾಂಡ್ವಾ, ಅಲ್ಲಿಂದ ಅಲಿಬಾಗ್, ನವಗಾವ್. ಅವರ ಪೂರ್ವಜರ ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ಮಾತ್ರ ದಡ ಸೇರಿದರು ಅಂತ ಹೇಳುವ ಜಾಗ ಅದು. ತಂಡದಲ್ಲಿ ಒಬ್ಬ ಹುಡುಗಿಯ ಮುತ್ತಜ್ಜಿಯ ಮನೆ ಅಲಿಬಾಗಿನ ಇಸ್ರೇಲ್ ಆಳಿ ಅನ್ನುವ ಓಣಿಯಲ್ಲಿ ಇತ್ತಂತೆ, ಹಳೇ ಫೋಟೊ ಕಳಿಸಿದ್ದಾಳೆ. ಬಾಗಿಲು, ತುಳಸಿ ಕಟ್ಟೆ ಇಲ್ಲದ ಅಂಗಳ, ಒಂದು ಬಾವಿ. ಹುಡುಕಲು ಹೇಳಿದ್ದೇನೆ ಒಬ್ಬರಿಗೆ.

ಹೈಫಾ_ಕರಾವಳಿ

ಸಿಕ್ಕಿದರೆ ಇಲ್ಲಿ ಹೇಳಿ ಅಣ್ಣಾ. ಅಂದಹಾಗೆ ಮಾಣಿ ಅವರೇ, ಶನಿವಾರ ಬಿಸಿನೀರಿನ ನಲ್ಲಿ ತಿರುಗಿಸಿದರೆ ಒಳಗೆ ಹೊಸ ನೀರು ಬಂದು ಕಾಯುತ್ತದಲ್ಲ, ಅದೂ ಆಗದು. ನಿಮ್ಮಲ್ಲಿ ಗೀಸರಾ, ಬಾಯ್ಲರಾ?

ಫೋರ್ಟ್_ಮಾಣಿ

ಅಕ್ಕ, ಎರಡನೇ ಮಹಡಿಗೆ ಬಿಸಿನೀರು ಇವತ್ತಿಗೂ ಬಕೆಟಿನಲ್ಲಿ ಹೊತ್ತು ತಂದು ಕೊಡುವುದು. ಅದನ್ನು ಶ್ರೀಧರರಿಗೆ ಹೇಗೆ ಹೇಳುವುದು ಅಂತ ಎರಡು ದಿನದಿಂದ ಯೋಚಿಸುತ್ತಿದ್ದೆ.